ಎರಡನೇ ಓದು

ಎಲ್ಬಿಯೊ ಉರೂತಿಯಾ ಅಂತರ್ಜಾಲವನ್ನು ಬೈಯಲು ಶುರುಮಾಡಿದಾಗ ಮೊಂಟೆವಿಡಿಯೊದಲ್ಲಿ ಅದನ್ನು ಕಣ್ಣಾರೆ ಕಂಡವರೇ ಬೆರಳೆಣಿಕೆಯ ಜನ. 1996ರ ಮಾತು. ವಿಶ್ವವಿದ್ಯಾಲಯದ ಎಂಜಿನಿಯರುಗಳು ಒಂದು ಕೋಣೆಯಲ್ಲಿ ಕಂಪ್ಯೂಟರು ಕೂರಿಸಿ, ಬಂದವರಿಗೆಲ್ಲ ಮ್ಯಾಡ್ರಿಡ್ಡಿನ ಯಾವುದೋ ಗ್ರಂಥಾಲಯದ ಪುಟ ತೋರಿಸುತ್ತಿದ್ದರು. ಆ ಪುಟ ಪೂರ್ತಿ ಬಿಚ್ಚಿಕೊಳ್ಳುವಷ್ಟರಲ್ಲಿ ಮಾಟೆ ಸೊಪ್ಪಿನ ಬಿಸಿ ಕಷಾಯ ತುಂಬಿದ ಸೋರೆಬುರುಡೆ ಕೈಯಿಂದ ಕೈಗೆ ಕೋಣೆಯಲ್ಲಿ ಎರಡು ಸುತ್ತು ಬಂದಿರುತ್ತಿತ್ತು. ಇನ್ನು ಮುಂದೆ ಯಾರೂ ಯಾರ ಬಾಯನ್ನೂ ಮುಚ್ಚಿಸಲಾರರು ಎಂದು ಎಲ್ಲರೂ ಹಿಗ್ಗುತ್ತಿದ್ದಾಗ, ಸಂವಹನ ವಿಭಾಗದ ಈ ಮೂವತ್ತೆಂಟು ವರ್ಷದ ಉಪನ್ಯಾಸಕ ಹಿಂದಿನ ಸಾಲಿನಿಂದ ಕೇಳಿದ.

"ಈ ತಂತಿ ಯಾರದ್ದು?"

"ಯಾರದ್ದಾದ್ರೆ ಏನಪ್ಪಾ? ಎಲ್ಲರದ್ದೂ."

"ಎಲ್ಲರದ್ದೂ ಅಂತ ಹೇಳ್ಕೊಂಡು ತಿರುಗೋ ವಸ್ತುಗೆ ಒಬ್ಬ ಯಜಮಾನ ಇದ್ದೇ ಇರ್ತಾನೆ. ಅವನ ಹೆಸರು ಕೇಳ್ತಿದ್ದೀನಿ."

ಕೋಣೆಯಲ್ಲಿದ್ದವರು ನಕ್ಕರು. ಅವನು ನಗಲಿಲ್ಲ.

ಅನುಮಾನವನ್ನು ಎಲ್ಬಿಯೊ ಕಲಿತದ್ದು ತನ್ನ ಮನೆಯ ಫೋನಿನಿಂದ. ಅವನಪ್ಪ ಸೆರ್ರೊ ಬಡಾವಣೆಯ ಮಾಂಸದ ಕಾರ್ಖಾನೆಯಲ್ಲಿ ಕೆಲಸಗಾರ, ಸಂಘದ ಕಾರ್ಯದರ್ಶಿ. ಸೇನೆಯ ಆಡಳಿತದ ಆ ವರ್ಷಗಳಲ್ಲಿ ಅವರ ಮನೆಯ ಫೋನು ಎತ್ತಿದರೆ ಮಾತಿಗೆ ಮೊದಲು ಸಣ್ಣದೊಂದು 'ಟಕ್' ಕೇಳಿಸುತ್ತಿತ್ತು. ಮನೆಗೆ ಯಾರಾದರೂ ಬಂದರೆ ಅಪ್ಪ ಫೋನಿನ ಮೇಲೆ ದಿಂಬು ಹಾಕಿ ರೇಡಿಯೊ ಜೋರು ಮಾಡುತ್ತಿದ್ದ. ದಿಂಬು ಅವನನ್ನು ಕಾಯಲಿಲ್ಲ. 1976ರ ಒಂದು ಬೆಳಿಗ್ಗೆ ಹಿಡಿದುಕೊಂಡು ಹೋದರು. ಎಂಟು ತಿಂಗಳ ಮೇಲೆ ಬಿಟ್ಟರು. ಬಂದ ಮೇಲೆ ಸಾಯುವ ತನಕ ಅವನು ಯಾವ ಫೋನನ್ನೂ ಮುಟ್ಟಲಿಲ್ಲ. ಅಪ್ಪನನ್ನು ಹಿಡಿದುಕೊಂಡು ಹೋದಾಗ ಎಲ್ಬಿಯೊಗೆ ಹದಿನೆಂಟು.

ಎಂಜಿನಿಯರುಗಳ ಕೋಣೆಯಿಂದ ಬಂದ ಮೇಲೆ ಎಲ್ಬಿಯೊ ನಲವತ್ತು ಪುಟದ ಪುಸ್ತಿಕೆಯೊಂದನ್ನು ಬರೆದ: 'ತಂತಿಯ ಮೂರನೆಯ ತುದಿ'. ತಂತಿಗೆ ಎರಡೇ ತುದಿ, ಆಡುವವನದೊಂದು ಕೇಳುವವನದೊಂದು ಎಂದು ನಾವು ತಿಳಿದಿದ್ದೇವೆ, ನಡುವೆ ಕೂತು ಕದ್ದು ಕೇಳುವವನದು ಮೂರನೆಯದು ಎಂಬುದು ಅದರ ಸಾರ. ಅದನ್ನು ತಿದ್ದಿ, ಅರ್ಧಕ್ಕರ್ಧ ಕತ್ತರಿಸಿ, ಅಚ್ಚಿಗೆ ಓಡಾಡಿದವಳು ಮಿಲ್ಕಾ ಬಾರ್ಬಿಚ್. ಅದೇ ವಿಭಾಗದ ಅಧ್ಯಾಪಕಿ, ಅವನಿಗಿಂತ ಒಂದು ವರ್ಷ ಚಿಕ್ಕವಳು. ಅಲ್ಲಿಂದಾಚೆ ಅವನ ಎಲ್ಲ ಬರಹಕ್ಕೂ ಮೊದಲ ಓದುಗಾರ್ತಿ ಅವಳೇ. "ನೀನು ಬರಿ, ನಾನು ಬೋಳಿಸ್ತೀನಿ" ಅನ್ನುತ್ತಿದ್ದಳು.

ಪತ್ರಿಕೆಗಳು ಅವನಿಗೆ 'ಅಪಶಕುನದ ಮೇಷ್ಟ್ರು' ಎಂದು ಹೆಸರಿಟ್ಟವು. ಹದಿನಾರು-ಹದಿನೇಳು ವರ್ಷ ಕಳೆಯಿತು. ಫೋನುಗಳು, ಪತ್ರಗಳು, ಮುಖಗಳು ಎಲ್ಲೆಲ್ಲಿಗೋ ಸೋರುತ್ತಿವೆಯೆಂದು ಜಗತ್ತಿಗೆಲ್ಲ ಗೊತ್ತಾದ ಮೇಲೆ ಅದೇ ಪತ್ರಿಕೆಗಳು ಅವನ ಬಾಗಿಲಿಗೆ ಬಂದವು. ಟಿವಿಯವರು ಕರೆದರು. ಬಾರ್ಸಿಲೋನಾ ಕರೆಯಿತು, ಮೆಕ್ಸಿಕೊ ಕರೆಯಿತು, ಪುಸ್ತಕಗಳು ಪೋರ್ಚುಗೀಸಿಗೆ ಹೋದವು. ಜನರನ್ನು ಮಂದೆ ಮಾಡುವ ಯಂತ್ರದ ಬಗ್ಗೆ ಅವನು ಮಾತಾಡುತ್ತಿದ್ದರೆ ಮೆಟ್ಟಿಲುಗಳ ಮೇಲೂ ವಿದ್ಯಾರ್ಥಿಗಳು ಕೂತಿರುತ್ತಿದ್ದರು.

ಹೆಸರು ಬೆಳೆದಂತೆ ಅನುಮಾನವೂ ಬೆಳೆಯಿತು. ಅವನು ಮೊಬೈಲ್ ಇಟ್ಟುಕೊಳ್ಳಲಿಲ್ಲ. ಮನೆಯಲ್ಲಿ ಕಂಪ್ಯೂಟರಿಲ್ಲ. ಯಾರಾದರೂ ಕ್ಯಾಂಟೀನಿನಲ್ಲಿ ಅವನ ಕಾಫಿಯನ್ನೂ ಸೇರಿಸಿ ಹೇಳಿದರೆ, ಇವನಿಗೆ ನನ್ನಿಂದ ಏನಾಗಬೇಕಾಗಿದೆ ಎಂದು ಕಾಫಿ ಆರುವ ತನಕ ಯೋಚಿಸುತ್ತಿದ್ದ. ಹೆಂಡತಿ 2009ರಲ್ಲಿ ಬಿಟ್ಟುಹೋದಳು. ಹೋಗುವಾಗ ಜಗಳವಾಡಲಿಲ್ಲ. "ಈ ಮನೇಲಿ ನಾನು ಹೆಂಡತಿಯಾಗಿ ಇಲ್ಲ, ಸಾಕ್ಷಿಯಾಗಿ ಇದ್ದೀನಿ" ಅಂದಳು, ಅಷ್ಟೇ.

ಬರೆಯುತ್ತಿದ್ದದ್ದು ಹಳದಿ ಹಾಳೆಯ ಮೇಲೆ, ಕೈಯಲ್ಲಿ. ಟೈಪು ಮಾಡುತ್ತಿದ್ದವಳು ವಿಭಾಗದ ಕಚೇರಿಯ ನಿಲ್ಡಾ ಪಿರಿಸ್. ಮಿಂಚಂಚೆ ಮುಟ್ಟದ ಪ್ರೊಫೆಸರಿಗೆ ವಿಶ್ವವಿದ್ಯಾಲಯ ಕೊಟ್ಟ ಮಿಂಚಂಚೆ ವಿಳಾಸವೊಂದಿತ್ತು. ಅದಕ್ಕೆ ಬಂದದ್ದಕ್ಕೆಲ್ಲ ಉತ್ತರ ಬರೆಯುತ್ತಿದ್ದವಳೂ ನಿಲ್ಡಾ. ವಿಮಾನದ ಟಿಕೆಟ್ಟು, ಹೋಟೆಲು, ಮಾತ್ರೆ ಬರೆದುಕೊಡುವ ಡಾಕ್ಟರ ಸಮಯ, ಎಲ್ಲ ಅವಳ ಫೋನಿನಿಂದಲೇ. ಕ್ರಿಸ್ಮಸ್ಸಿಗೆ ಎಲ್ಬಿಯೊ ಅವಳಿಗೊಂದು ಡಬ್ಬಿ ಅಲ್ಫಹೋರು ಬಿಸ್ಕತ್ತು ತಂದುಕೊಟ್ಟು, "ನಿಮ್ಮ ಟೈಪಿನಲ್ಲಿ ಒಂದು ತಪ್ಪೂ ಸಿಗಲ್ಲ, ದೊನ್ಯಾ ನಿಲ್ಡಾ" ಅನ್ನುತ್ತಿದ್ದ. ಇಪ್ಪತ್ತಾರು ವರ್ಷ ಅದೇ ಮಾತು.

ಅವನಿಗೆ ಅರವತ್ತಮೂರಾದ ವರ್ಷ, ನಿವೃತ್ತಿಯ ಮೇಲೂ ಉಳಿಯುವ ಗೌರವದ ಎಮೆರಿಟಸ್ ಪದವಿ ಕೊಡಬೇಕೆಂದು ವಿಭಾಗ ಶಿಫಾರಸು ಮಾಡಿತು. ಆಗಸ್ಟಿನಲ್ಲಿ ಮಂಡಳಿಯ ಮತದಾನ. ಅದೇ ಹೊತ್ತಿಗೆ ವಿಭಾಗದ ಮುಖ್ಯಸ್ಥರ ಚುನಾವಣೆ. ಮಿಲ್ಕಾ ನಿಂತಿದ್ದಳು, ಎದುರಿಗೆ ಹೇಳಿಕೊಳ್ಳುವಂಥವರಿರಲಿಲ್ಲ. ಏಪ್ರಿಲ್ ಕೊನೆಯ ಒಂದು ಮಧ್ಯಾಹ್ನ ಬರೈಬಾರ್ ಅವನ ಕೋಣೆಗೆ ಬಂದ. ಹಳೆಯ ಶಿಷ್ಯ, ಈಗ ಚುನಾವಣಾ ಪ್ರಚಾರ ಮಾಡಿಕೊಡುವ ಜಾಹೀರಾತು ಕಚೇರಿಯಲ್ಲಿ ದೊಡ್ಡ ಮನುಷ್ಯ.

"ಪ್ರೊಫೆಸರೇ, ನಿಮ್ಮ ಬಗ್ಗೆ ಯಾರೋ ಬರೀತಿದ್ದಾರೆ, ನೋಡಿದ್ರಾ? ಓ, ನೀವು ನೋಡಲ್ಲ ಅಲ್ವಾ. ಓದ್ಲಾ?"

'ಎರಡನೇ ಓದು' ಎಂಬ ಹೆಸರಿನಲ್ಲಿ ಜಾಲತಾಣದಲ್ಲಿ ಯಾರೋ ಖಾತೆ ತೆರೆದಿದ್ದರು. ಮುಖವಿಲ್ಲ, ಊರಿಲ್ಲ. ಬರೈಬಾರ್ ಫೋನು ಹಿಡಿದು ಓದಿದ: "ಜನ ಕುರಿಗಳಾಗುತ್ತಾರೆ ಎಂದು ಪ್ರೊಫೆಸರ್ ಉರೂತಿಯಾ 1996ರಲ್ಲಿ ಬರೆದರು. 2004ರಲ್ಲಿ, ಆದರು ಎಂದರು. 2013ರಲ್ಲೂ ಕುರಿ. ಈಗಿನ ಅಧ್ಯಾಯದಲ್ಲೂ ಕುರಿ. ಕುರುಬರು ಇಷ್ಟು ವರ್ಷ ಏನು ಮಾಡುತ್ತಿದ್ದರು? ಭಾಷಣ."

"ಈಗಿನ ಅಧ್ಯಾಯ ಅಂದ್ರೆ ಯಾವುದು?" ಎಲ್ಬಿಯೊ ಕೇಳಿದ.

"ಅದು ನಿಮಗೇ ಗೊತ್ತಿರ್ಬೇಕು."

ಗೊತ್ತಿತ್ತು. ಆ ಅಧ್ಯಾಯ ಇನ್ನೂ ಎಲ್ಲೂ ಅಚ್ಚಾಗಿರಲಿಲ್ಲ.

ಮರುದಿನದಿಂದ ಅವನು ಅದೆಲ್ಲವನ್ನೂ ಕಾಗದದ ಮೇಲೆ ಬೇಕೆಂದ. ನಿಲ್ಡಾ ಬೆಳಿಗ್ಗೆ ಹೊಸದಾಗಿ ಬಂದದ್ದನ್ನು ಮುದ್ರಿಸಿ, ಮಾಟೆಯ ಥರ್ಮಾಸಿನ ಪಕ್ಕದಲ್ಲಿಟ್ಟು ಹೋಗುತ್ತಿದ್ದಳು. "ಹೊಸ ಅಧ್ಯಾಯದಲ್ಲಿ 'ಬಳಕೆದಾರ' ಎಂಬ ಪದ ನೂರಾ ಹನ್ನೊಂದು ಸಲ ಬರುತ್ತದೆ. ಒಬ್ಬ ಬಳಕೆದಾರನಿಗೂ ಹೆಸರಿಲ್ಲ." ಎರಡು ದಿನ ಬಿಟ್ಟು: "ತಮ್ಮ ಬಳಿ ಫೋನಿಲ್ಲ ಎಂದು ಪ್ರೊಫೆಸರು ಎಲ್ಲ ಕಡೆ ಹೇಳುತ್ತಾರೆ. ಅವರ ಪರವಾಗಿ ಫೋನು ಹಿಡಿದವರು ಇದ್ದಾರೆ."

ಓದಿ ಓದಿ ಅವನಿಗೆ ನಿದ್ದೆ ಕೆಟ್ಟಿತು. ಇದರ ಹಿಂದೆ ಯಾರು? ಮೊದಲು ಕಣ್ಣು ಹೋದದ್ದು ಬರೈಬಾರ್ ಕಡೆಗೆ; ಅಂಥ ಖಾತೆಗಳನ್ನು ತೆರೆಯುವುದೇ ಅವನ ಹೊಟ್ಟೆಪಾಡು, ಮೇಲಾಗಿ ಬಂದು ಹೇಳಿದವನೂ ಅವನೇ. ಆಮೇಲೆ ಡೀನ್, ಎಮೆರಿಟಸ್ ಕಡತ ಅವರ ಮೇಜಿನ ಮೇಲೆ ಎರಡು ತಿಂಗಳಿಂದ ಅಲುಗಾಡದೆ ಕೂತಿತ್ತು. ಯಾವುದೋ ದೊಡ್ಡ ಕಂಪನಿ ಇರಬಹುದೆಂದೂ ಯೋಚಿಸಿದ. ಆ ಯೋಚನೆಯಲ್ಲಿ ಸ್ವಲ್ಪ ಸುಖವೂ ಇತ್ತು, ಒಪ್ಪಿಕೊಳ್ಳಬೇಕು. ಆದರೆ ಅಚ್ಚಾಗದ ಅಧ್ಯಾಯ ಕಂಪನಿಯ ಕೈಗೆ ಹೇಗೆ ಸಿಗುತ್ತದೆ?

ತನ್ನ ವಿದ್ಯಾರ್ಥಿಗಳಿಗೆ ಕಲಿಸಿದ್ದ ಕ್ರಮವನ್ನೇ ಹಿಡಿದ. ಬರಹಗಳನ್ನು ಹರಡಿಕೊಂಡು ವಾಕ್ಯದ ಉದ್ದ ಅಳೆದ, ಅರ್ಧವಿರಾಮಗಳಿಗೆ ಕೆಂಪು ಗೆರೆ ಎಳೆದ, ಹಾಕಿದ ಹೊತ್ತನ್ನು ಗುರುತು ಹಾಕಿಕೊಂಡ. ಎಲ್ಲವೂ ಮಧ್ಯಾಹ್ನ ಒಂದರಿಂದ ಎರಡರೊಳಗೆ. ಮಿಲ್ಕಾಳ ತರಗತಿ ಒಂದಕ್ಕೆ ಮುಗಿಯುತ್ತಿತ್ತು. ಸಣ್ಣ ವಾಕ್ಯ ಅವಳದೇ ಚಾಳಿ. ಟೈಪಾದ ಅಧ್ಯಾಯವನ್ನು ಓದಿದ್ದವಳು ಅವಳೊಬ್ಬಳೇ. ಬೇಡ ಬೇಡವೆಂದರೂ ಕೆಂಪು ಗೆರೆಗಳು ಅವಳ ಮನೆಯ ಕಡೆಗೇ ಹೋಗುತ್ತಿದ್ದವು.

ಕೊನೆಗೊಂದು ಬಲೆ ಹೂಡಿದ. ಜುಲೈ ಚಳಿಯಲ್ಲಿ ಸಮ್ಮೇಳನಕ್ಕೆ ಹೋಗುತ್ತೇನೆಂದು ಮೂವರಿಗೆ ಮೂರು ಊರು ಹೇಳಿದ. ಬರೈಬಾರ್‌ಗೆ ಮೆಂದೋಸಾ, ಡೀನ್‌ಗೆ ಅಸುನ್ಸಿಯೊನ್, ಮಿಲ್ಕಾಳಿಗೆ ಚಿಲಿಯ ತುತ್ತತುದಿಯ ಪುಂತಾ ಅರೆನಾಸ್. ಮೂರೂ ಸುಳ್ಳು.

ನಾಲ್ಕನೆಯ ದಿನ ಥರ್ಮಾಸಿನ ಪಕ್ಕದ ಹಾಳೆಯಲ್ಲಿತ್ತು: "ಪ್ರೊಫೆಸರು ಪುಂತಾ ಅರೆನಾಸಿಗೆ ಹೊರಟಿದ್ದಾರಂತೆ. ನೀವೂ ಕುರಿಗಳೇ ಎಂದು ಪೆಂಗ್ವಿನ್ನುಗಳಿಗೆ ಯಾರಾದರೂ ತಿಳಿಸಬೇಕಲ್ಲ."

ಗೆದ್ದೆ ಅನ್ನಿಸಲಿಲ್ಲ, ಆದರೂ ಪೆನ್ನು ಎತ್ತಿಕೊಂಡ. ಅವನ ಅಂಕಣ ಬರುತ್ತಿದ್ದ 'ಲಾ ಬೋಯಾ' ವಾರಪತ್ರಿಕೆಗೆ ಬರೆದುಕೊಟ್ಟ. ಹೆಸರು ಹೇಳಲಿಲ್ಲ. "ಇಪ್ಪತ್ತೈದು ವರ್ಷ ನನ್ನ ಬರಹವನ್ನು ಎಲ್ಲರಿಗಿಂತ ಮೊದಲು ಓದಿದ ಕಣ್ಣೇ ಇಂದು ಮುಸುಕು ಹಾಕಿಕೊಂಡಿದೆ; ಕುರ್ಚಿಗಾಗಿ ಇರಬಹುದು" ಎಂದ. ಮೊಂಟೆವಿಡಿಯೊದಷ್ಟು ಸಣ್ಣ ಊರಿನಲ್ಲಿ ಹೆಸರು ಬೇಕಾಗಿರಲಿಲ್ಲ.

ಪತ್ರಿಕೆ ಬಂದ ಮರುದಿನ ಮಿಲ್ಕಾ ಬಾಗಿಲು ತಟ್ಟದೆ ಒಳಗೆ ಬಂದಳು. ಕೋಟನ್ನು ಬಿಚ್ಚಲಿಲ್ಲ, ಕೂರಲೂ ಇಲ್ಲ.

"ಯಾರದ್ದೋ ಆ ಕಣ್ಣು?"

"ನಿಂಗೇ ಗೊತ್ತಲ್ಲ."

"ನನ್ನ ಬಾಯಿಂದ ಹೇಳಿಸ್ಬೇಡ. ನೀನು ಹೇಳು."

"ಪುಂತಾ ಅರೆನಾಸ್ ವಿಷಯ ನಾನು ನಿಂಗೊಬ್ಬಳಿಗೇ ಹೇಳಿದ್ದು, ಮಿಲ್ಕಾ."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಅಂದ್ರೆ ನೀನು ಹೋಗೋದೇ ಇರ್ಲಿಲ್ವಾ?"

"ಇರ್ಲಿಲ್ಲ."

"ನಿಂಗೆ ಅಂತ ಉಣ್ಣೆ ಟೋಪಿ ತಂದಿಟ್ಟಿದ್ದೆ ಕಣೋ. ಅಲ್ಲಿನ ಗಾಳಿಗೆ ಕಿವಿ ಒಡೆದುಹೋಗುತ್ತೆ ಅಂತ." ಅವಳ ದೃಷ್ಟಿ ಮೇಜಿನ ಮೇಲಿನ ಕೆಂಪು ಗೆರೆಯ ಹಾಳೆಗಳ ಮೇಲೆ ಬಿತ್ತು. ಒಂದನ್ನು ಎತ್ತಿ ನೋಡಿ, ಹಾಗೇ ಇಟ್ಟಳು. "ನನ್ನ ತರಗತಿ ಬಿಡೋ ಹೊತ್ತೂ ಬರ್ಕೊಂಡಿದ್ದೀಯಾ. ನಿಮ್ಮಪ್ಪನ ಫೋನಿಗೆ ಕಿವಿ ಕೊಟ್ಟೋನೂ ಹೀಗೇ ಕೂತು ಗೆರೆ ಎಳೀತಿದ್ನೇನೋ."

"ನೀನಲ್ಲ ಅಂತ ಒಂದು ಮಾತು ಹೇಳು."

"ಹೇಳಲ್ಲ. ಕೇಳೋ ಹಕ್ಕು ನಿಂಗಿಲ್ಲ."

ಆ ವಾರವೇ ಅವಳು ಚುನಾವಣೆಯಿಂದ ಹಿಂದೆ ಸರಿದಳು. ರಜೆ ಹಾಕಿ ಅಟ್ಲಾಂಟಿಡಾದಲ್ಲಿದ್ದ ಅಕ್ಕನ ಮನೆಗೆ ಹೋದಳೆಂದು ಕ್ಯಾಂಟೀನಿನಲ್ಲಿ ಮಾತು ಕೇಳಿಬಂತು. ಎಲ್ಬಿಯೊ ಬಂದರೆ ಆ ಮಾತು ನಿಲ್ಲುತ್ತಿತ್ತು. ಹತ್ತು ದಿನ 'ಎರಡನೇ ಓದು' ಸುಮ್ಮನಿತ್ತು. ಸಿಕ್ಕಿಬಿದ್ದವರು ಸುಮ್ಮನಾಗಲೇಬೇಕಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಳ್ಳುವಾಗ ದನಿಯಲ್ಲಿ ಗಟ್ಟಿತನವಿರಲಿಲ್ಲ.

ಹನ್ನೊಂದನೆಯ ದಿನ ಹೊಸ ಹಾಳೆ ಬಂತು. ಅದರಲ್ಲಿ ಗೇಲಿಯಿರಲಿಲ್ಲ. "ಒಂದು ಹಾಳೆಯಲ್ಲಿ ಪ್ರೊಫೆಸರು ಹೀಗೆ ಬರೆದರು: ಅಪ್ಪನ ಫೋನಿಗೆ ಕಿವಿಯಿಟ್ಟವನ ಹೆಸರು ನನಗೆ ಗೊತ್ತು, ಅವನ ಮನೆಯೂ ಗೊತ್ತು, ಹೆದರಿ ಇದುವರೆಗೆ ಹೋಗಿಲ್ಲ. ಆಮೇಲೆ ಆ ಸಾಲಿಗೆ ಕಾಟು ಹಾಕಿದರು. ಅವರ ಅಷ್ಟೂ ಬರಹದಲ್ಲಿ ಒಬ್ಬ ಮನುಷ್ಯ ಕಾಣಿಸಿದ್ದು ಅಲ್ಲೊಂದೇ ಕಡೆ."

ಎಲ್ಬಿಯೊ ಅದನ್ನು ನಿಂತುಕೊಂಡೇ ಓದಿದ. ಆ ಸಾಲು ಬರೆದದ್ದು ನಿಜ. ಕಾಟು ಹಾಕಿದ್ದೂ ನಿಜ, ಅದೇ ಪೆನ್ನಿನಲ್ಲಿ, ಬರೆದ ಮರುಗಳಿಗೆ. ಮಿಲ್ಕಾ ಓದುತ್ತಿದ್ದದ್ದು ಟೈಪಾದ ಪ್ರತಿಯನ್ನು ಮಾತ್ರ. ಕಾಟು ಹಾಕಿದ ಸಾಲು ಟೈಪಾಗುವುದಿಲ್ಲ. ಹಳದಿ ಹಾಳೆಯನ್ನು ನೋಡಿದ ಕಣ್ಣು ಅವನದಲ್ಲದೆ ಇನ್ನೊಂದೇ.

ಕಚೇರಿಯಲ್ಲಿ ನಿಲ್ಡಾ ಯಾವುದೋ ಅರ್ಜಿ ಟೈಪು ಮಾಡುತ್ತಿದ್ದಳು. ಅವನು ಬಾಗಿಲು ಹಾಕಿದ.

"ಮೂರನೇ ಅಧ್ಯಾಯದ ಹಳದಿ ಹಾಳೆಗಳು ಎಲ್ಲಿವೆ?"

ಅವಳು ಕೈ ನಿಲ್ಲಿಸಿದಳು. ಎದ್ದು ಗೋಡೆಯ ಕಬ್ಬಿಣದ ಬೀರುವಿನ ಕೆಳಗಿನ ಸೆಳೆಖಾನೆ ಎಳೆದಳು. ಒಳಗೆ ಕಟ್ಟು ಕಟ್ಟಾಗಿ, ದಾರ ಕಟ್ಟಿ, ಮೇಲೆ ಇಸವಿ ಬರೆದು, ಇಪ್ಪತ್ತಾರು ವರ್ಷದ ಹಳದಿ.

"ಟೈಪಾದ್ಮೇಲೆ ಹರಿದು ಹಾಕಿ ಅಂದಿದ್ರಿ," ಅಂದಳು. "ನನಗೆ ಮನಸ್ಸು ಬರ್ಲಿಲ್ಲ, ಪ್ರೊಫೆಸರೇ."

"ಯಾರು ಹೇಳ್ಕೊಟ್ರು ನಿಮಗೆ? ಬರೈಬಾರಾ? ಯಾವ ಕಂಪನಿ?"

ನಿಲ್ಡಾ ಅವನ ಮುಖವನ್ನೇ ನೋಡಿದಳು, ಆಮೇಲೆ ನಕ್ಕುಬಿಟ್ಟಳು. ಅವಳು ನಕ್ಕದ್ದನ್ನು ಅವನು ಅಷ್ಟು ಹತ್ತಿರದಿಂದ ಕಂಡಿರಲಿಲ್ಲ.

"ನನಗೆ ಯಾರಾದ್ರೂ ಹೇಳ್ಕೊಡ್ಬೇಕಾ? ನಿಮ್ಮ ಒಂಬತ್ತು ಪುಸ್ತಕ ನನ್ನಷ್ಟು ಸಲ ಓದಿದೋರು ಈ ದೇಶದಲ್ಲಿ ಯಾರಿದ್ದಾರೆ ಹೇಳಿ. ಒಮ್ಮೆ ಟೈಪು ಮಾಡೋಕೆ, ಇನ್ನೊಮ್ಮೆ ತಪ್ಪು ನೋಡೋಕೆ. ಹೇಗಿದೆ ಅಂತ ಯಾವತ್ತಾದ್ರೂ ಕೇಳ್ತೀರೇನೋ ಅಂತ ಕಾದೆ. ನೀವು ತಪ್ಪಿಲ್ಲ ಅಂತ ಹೇಳಿ ಅಲ್ಫಹೋರು ಕೊಡ್ತಿದ್ರಿ. ಟೈಪಲ್ಲಿ ತಪ್ಪಿರ್ಲಿಲ್ಲ. ತಪ್ಪು ಇದ್ದದ್ದು ಬರೆದದ್ರಲ್ಲಿ."

"ಪುಂತಾ ಅರೆನಾಸ್?"

"ಮಿಲ್ಕಾ ಮೇಡಂ ಬಂದು ಹೇಳಿದ್ರು. ಅವನು ಬಾಯಿಬಿಟ್ಟು ಕೇಳಲ್ಲ, ಹೀಟರ್ ಇರೋ ಹೋಟೆಲೇ ನೋಡು ನಿಲ್ಡಾ ಅಂತ."

ಎಲ್ಬಿಯೊ ಕುರ್ಚಿ ಹುಡುಕಿಕೊಂಡು ಕೂತ.

"ಅವರ ತಲೆ ಮೇಲೆ ಬರುತ್ತೆ ಅಂತ ನಾನೆಣಿಸಿರ್ಲಿಲ್ಲ," ನಿಲ್ಡಾ ಅಂದಳು. ಈಗ ನಗು ಹೋಗಿತ್ತು. "ಪತ್ರಿಕೆ ನೋಡಿದ್ಮೇಲೆ ಎರಡು ಸಲ ನಿಮ್ಮ ಬಾಗಿಲ ತನಕ ಬಂದು ವಾಪಸ್ ಹೋದೆ. ನನ್ನ ಪಿಂಚಣಿಗೆ ಇನ್ನು ಒಂದೂವರೆ ವರ್ಷ. ವಿಚಾರಣೆ ಅಂತಾದ್ರೆ ಎಲ್ಲ ಹೋಗುತ್ತೆ. ಅದಕ್ಕೇ ಆ ಸಾಲು ಹಾಕಿದೆ. ಎಲ್ಲರೂ ಓದ್ತಾರೆ, ಆದ್ರೆ ನೀವೊಬ್ರೇ ಅರ್ಥ ಮಾಡ್ಕೊತೀರಿ ಅಂತ. ಅದನ್ನ ಹಾಕಬಾರದಿತ್ತು. ಅದು ನಿಮ್ಮ ಮನೆ ವಿಷಯ. ಅಷ್ಟಕ್ಕೆ ಮಾತ್ರ ಕ್ಷಮೆ ಕೇಳ್ತೀನಿ."

ಅವನಿಗೆ ಸಿಟ್ಟು ಬಂದಿತ್ತು, ಇನ್ನೂ ಇತ್ತು. ಆದರೂ ಬಾಯಿಂದ ಬಂದದ್ದು ಬೇರೆ.

"ಆ ಸಾಲು ಇರ್ಬೇಕಾಗಿತ್ತು ಅಂತೀರಾ?"

"ಇದ್ದಿದ್ರೆ ಆ ಅಧ್ಯಾಯ ನಾನು ಮನೆಗೆ ಒಯ್ದು ನನ್ನ ತಂಗಿಗೆ ಓದಿ ಹೇಳ್ತಿದ್ದೆ."

ಮುಂದಿನ ವಾರದ 'ಲಾ ಬೋಯಾ'ದಲ್ಲಿ ನಾಲ್ಕೇ ಸಾಲು ಬಂದವು. "ನನ್ನ ಊಹೆ ತಪ್ಪು. ಅದು ಮಿಲ್ಕಾ ಬಾರ್ಬಿಚ್ ಅಲ್ಲ. ಅದು ಯಾರೆಂದು ನನಗೀಗ ಗೊತ್ತು, ಹೇಳುವುದಿಲ್ಲ. ಅಲ್ಲಿ ಬರೆದದ್ದರಲ್ಲಿ ಬಹುಪಾಲು ನಿಜ." ಸಂಪಾದಕ ವಿಭಾಗದ ಕಚೇರಿಗೆ ಎರಡು ಸಲ ಫೋನು ಮಾಡಿ, "ಇಷ್ಟೇನಾ? ಇನ್ನೂ ಇದೆಯಾ?" ಎಂದು ಕೇಳಿದ. "ಅಷ್ಟೇ," ಅಂದ ಎಲ್ಬಿಯೊ.

ಊರು ಅದನ್ನು ಅವನದೇ ಅನುಮಾನದ ಕಣ್ಣಿನಿಂದ ಓದಿತು. ಯಾರೆಂದು ಗೊತ್ತಂತೆ, ಹೇಳುವುದಿಲ್ಲವಂತೆ, ಮೇಲಾಗಿ ಬೈದದ್ದೆಲ್ಲ ನಿಜವಂತೆ. ಇನ್ಯಾರಿರುತ್ತಾರೆ? ಅವನೇ. ಅಚ್ಚಾಗದ ಅಧ್ಯಾಯ, ಕಾಟು ಹಾಕಿದ ಸಾಲು ಬೇರೆ ಯಾರ ಕೈಯಲ್ಲಿರಲು ಸಾಧ್ಯ? ಬರೈಬಾರ್ ಟಿವಿಯಲ್ಲಿ ಕೂತು, ಮರೆತುಹೋಗುತ್ತಿರುವ ಹೆಸರನ್ನು ಮತ್ತೆ ಬಾಯಿಗೆ ತರಿಸುವ ವಿದ್ಯೆ ಇದು, ನಮ್ಮ ಕಚೇರಿಯಲ್ಲಿ ಹೊಸಬರಿಗೆ ಮೊದಲು ಕಲಿಸುವುದೇ ಇದನ್ನು ಎಂದು ನಗುತ್ತ ವಿವರಿಸಿದ. ವಿದ್ಯಾರ್ಥಿಯೊಬ್ಬಳು 'ಎರಡನೇ ಓದು' ಖಾತೆಯ ವಾಕ್ಯಗಳನ್ನೂ ಅವನ ಪುಸ್ತಕಗಳ ವಾಕ್ಯಗಳನ್ನೂ ಅಕ್ಕಪಕ್ಕ ಇಟ್ಟು, ಅವನೇ ಕಲಿಸಿದ ಕ್ರಮದಲ್ಲಿ, ಎರಡೂ ಒಂದೇ ಕೈಯವು ಎಂದು ತೋರಿಸಿದಳು. ಇಪ್ಪತ್ತಾರು ವರ್ಷ ಅವನನ್ನೇ ಟೈಪು ಮಾಡಿದವಳ ವಾಕ್ಯ ಅವನದರಂತೆ ಇರದೆ ಇನ್ನು ಹೇಗಿರುತ್ತದೆ ಎಂದು ಎಲ್ಬಿಯೊ ಮನಸ್ಸಿನಲ್ಲೇ ಅಂದುಕೊಂಡ. ತರಗತಿಯಲ್ಲಿ ಆ ಹುಡುಗಿಗೆ ಒಳ್ಳೆಯ ಅಂಕವನ್ನೇ ಕೊಟ್ಟ.

ಮಂಡಳಿ ಎಮೆರಿಟಸ್ ವಿಷಯವನ್ನು ಮುಂದೂಡಿತು. ಮುಂದೂಡಿದ್ದು ಮತ್ತೆ ಬರಲೇ ಇಲ್ಲ. ಮೆಟ್ಟಿಲುಗಳು ಖಾಲಿಯಾದವು. ಒಂದು ಹೆಸರು ಹೇಳಿದ್ದರೆ ಎಲ್ಲ ಸರಿಹೋಗುತ್ತಿತ್ತು. ಕಚೇರಿಯ ಮುಂದೆ ಹಾದುಹೋಗುವಾಗ ಒಂದೆರಡು ಸಲ ಅದು ನಾಲಿಗೆಯ ತುದಿಗೆ ಬಂದದ್ದೂ ಉಂಟು. ಹೇಳಲಿಲ್ಲ. ನಿಲ್ಡಾ ತನ್ನ ಒಂದೂವರೆ ವರ್ಷ ಮುಗಿಸಿ, ಪಿಂಚಣಿ ಪಡೆದು ಮನೆಗೆ ಹೋದಳು. ಅದಕ್ಕೆ ಮೊದಲು ಅವನು ಹೊಸ ಅಧ್ಯಾಯವೊಂದನ್ನು ಅವಳ ಮೇಜಿನ ಮೇಲಿಟ್ಟು, "ಟೈಪು ಆಮೇಲೆ. ಹೇಗಿದೆ ಹೇಳಿ" ಅಂದಿದ್ದ. ಅವಳು ಒಂದು ವಾರ ಕೇಳಿ, ಹದಿನೈದು ದಿನ ತೆಗೆದುಕೊಂಡು, ಮೊದಲ ಹನ್ನೆರಡು ಪುಟ ಬೇಡ ಅಂದಳು. ಎರಡು ದಿನ ಅವಳೊಡನೆ ಮಾತು ಬಿಟ್ಟ. ಮೂರನೆಯ ದಿನ ಹನ್ನೆರಡೂ ಪುಟ ತೆಗೆದ.

ಮಿಲ್ಕಾಳನ್ನು ನೋಡಲು ಮೊದಲ ಸಲ ಹೋದದ್ದು ಮಂಡಳಿ ಮುಂದೂಡಿದ ಮರುತಿಂಗಳು, ಸೆಪ್ಟೆಂಬರಿನಲ್ಲೇ, ಬಸ್ಸು ಹಿಡಿದು. ಅಟ್ಲಾಂಟಿಡಾದ ರಸ್ತೆಗಳಲ್ಲಿ ಪೈನ್ ಮರದ ಕಾಯಿಗಳು ಉದುರಿ ಬಿದ್ದಿದ್ದವು. ಅವಳು ಗೇಟಿಗೆ ಬಂದಳು, ಗೇಟು ತೆಗೆಯಲಿಲ್ಲ.

"ನೀನೇ ಬರ್ಕೊಂಡೆ ಅಂತಾರೆ ಎಲ್ಲರೂ."

"ನೀನೇನಂತೀಯಾ?"

"ನೀನಲ್ಲ. ಅಷ್ಟು ಚುಟುಕಾಗಿ ಬರೆಯೋಕೆ ನಿಂಗೆ ಬರಲ್ಲ." ಗೇಟಿನ ಮೇಲೆ ಕೈಯೂರಿ, "ಯಾರು ಅಂತ ನಂಗೂ ಅಂದಾಜಿದೆ," ಅಂದಳು.

ಎಲ್ಬಿಯೊ ಕಾಲ ಬಳಿ ಬಿದ್ದಿದ್ದ ಪೈನ್ ಕಾಯಿಯೊಂದನ್ನು ಎತ್ತಿಕೊಂಡ.

"ಹೂಂ. ಹೇಳ್ಬೇಡ," ಅಂದಳು ಮಿಲ್ಕಾ. "ಅಷ್ಟಾದ್ರೂ ಕಲಿತ್ಯಲ್ಲ. ಆದ್ರೆ ನಾನು ಮರೆತೆ ಅಂತ ಮಾತ್ರ ಅನ್ಕೋಬೇಡ. ನನ್ನ ಅಂದಾಜು ನಾನು ಯಾವ ಪತ್ರಿಕೆಗೂ ಬರೀಲಿಲ್ಲ."

"ಗೊತ್ತು."

"ಮೂರೂವರೆಗೆ ಬಸ್ಸಿದೆ. ಅದು ತಪ್ಪಿದ್ರೆ ಐದು ಗಂಟೆ."

ಅವನು ಮೂರೂವರೆಯ ಬಸ್ಸಿಗೆ ಹೊರಟ. ಅಕ್ಟೋಬರಿನಲ್ಲಿ ಮತ್ತೆ ಹೋದ. ಗೇಟಿನಲ್ಲೇ ಮಾತಾಡಿ ಬಂದ. ನವೆಂಬರಿನಲ್ಲಿ ಅವಳು ಮನೆಯಲ್ಲಿರಲಿಲ್ಲ. ಇದ್ದೂ ಇಲ್ಲವೆಂದು ಹೇಳಿಸಿದಳೋ ಏನೋ ಎಂಬ ಅನುಮಾನ ತಲೆಯೊಳಗೆ ಎದ್ದಿತು, ಬಸ್ಸಿನಲ್ಲಿ ಅರ್ಧ ದಾರಿ ಅದನ್ನೇ ಮೆಲುಕು ಹಾಕಿದ. ಡಿಸೆಂಬರಿನಲ್ಲಿ ಹೋದಾಗ ಗೇಟು ತೆರೆದೇ ಇತ್ತು. ಅಡುಗೆಮನೆಯಲ್ಲಿ ಅವಳು ಅಕ್ಕನೊಡನೆ ಕುಂಬಳಕಾಯಿ ಹೆಚ್ಚುತ್ತಿದ್ದಳು. ಕೂರು ಅನ್ನಲಿಲ್ಲ. ಮೇಜಿನ ಮೇಲಿಂದ ಒಂದು ಚಾಕು ಅವನ ಕಡೆಗೆ ದೂಡಿ, ಪಕ್ಕದ ಮನೆಯ ನಾಯಿ ಮೂರು ದಿನದಿಂದ ಊಟ ಬಿಟ್ಟಿದೆಯೆಂದೂ, ಅದರ ಯಜಮಾನನಿಗೆ ಅದರ ಪರಿವೆಯೇ ಇಲ್ಲವೆಂದೂ ಹೇಳತೊಡಗಿದಳು. ಎಲ್ಬಿಯೊ ಕೋಟು ಬಿಚ್ಚಿ ಕುರ್ಚಿಗೆ ಹಾಕಿ, ಸಿಪ್ಪೆ ತೆಗೆಯುತ್ತ, ಕೊನೆಯವರೆಗೂ ಕೇಳಿದ.